ಹಿನ್ನೀರಿನಲ್ಲಿ ಗಾಳ: ಯಾವ ದೋಣಿ, ಯಾವ ಹೊಳೆ, ಯಾವ ತಿಥಿ?

ಮಳೆಗಾಲ ಮುಗಿದರೆ ಸಾಕು, ಬೆಂಗಳೂರಿನಿಂದ ಯಾರಾದರೊಬ್ಬರು ಗೆಳೆಯರ ಫೋನ್ ಬರುತ್ತದೆ. "ನಿಮ್ಮ ಊರ ಕಡೆ ದೋಣೀಲಿ ಕರ್ಕೊಂಡು ಹೋಗಿ ಮೀನು ಹಿಡಿಸ್ತಾರಂತಲ್ಲ, ಯಾವ್ದು ಒಳ್ಳೇದು?" ನಾನು ತಿರುಗಿ ಕೇಳುವುದು ಒಂದೇ ಮಾತು. "ಮೀನು ತಟ್ಟೆಗೆ ಬರಬೇಕಾ, ಇಲ್ಲ ಮೀನಿನ ಜೊತೆ ಗುದ್ದಾಡಬೇಕಾ?"

ತಮಾಷೆಗೆ ಕೇಳುವುದಲ್ಲ. ಕಾಣೆ ಮೀನಿನ ರವಾ ಫ್ರೈ ಕನಸು ಕಟ್ಟಿಕೊಂಡು ಬಂದವರನ್ನು, ಹಿಡಿದದ್ದನ್ನೆಲ್ಲ ನೀರಿಗೆ ಬಿಡುವ ಗೈಡ್ ಜೊತೆ ಕಳಿಸಿದರೆ ದಿನವಿಡೀ ಮುಖ ಊದಿಸಿಕೊಂಡಿರುತ್ತಾರೆ. ಸಾವಿರಾರು ರೂಪಾಯಿಯ ರಾಡ್ ತಂದವರನ್ನು ನೈಲಾನ್ ದಾರದ ಅಜ್ಜನ ದೋಣಿಯಲ್ಲಿ ಕೂರಿಸಿದರೂ ಅದೇ ಕಥೆ. ಆದ್ದರಿಂದ ಮೊದಲು ನಿಮಗೇನು ಬೇಕು ಎಂದು ತೀರ್ಮಾನ ಮಾಡಿಕೊಳ್ಳಿ.

ನಾನಿಲ್ಲಿ ಹೇಳುತ್ತಿರುವುದು ಕಡಲಿಗೆ ಹೋಗುವ ಟ್ರಿಪ್ ಬಗ್ಗೆ ಅಲ್ಲ. ಹೊಳೆ ಕಡಲು ಸೇರುವ ಅಳಿವೆ, ಅದರ ಹಿಂದಿನ ಉಪ್ಪು ಹಿನ್ನೀರು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆ ಇಷ್ಟೇ. ಮಂಗಳೂರಿನಿಂದ ಕಾರವಾರದವರೆಗೆ ಇಂಥ ಜಾಗಗಳಿಗೆ ಬರ ಇಲ್ಲ.

ಊರಿನವರ ದೋಣಿಯೋ, ಗೈಡ್ ದೋಣಿಯೋ

ಊರಿನ ಮೀನುಗಾರರ ದೋಣಿಯಲ್ಲಿ ಹೋಗುವುದು ಹಳೆಯ ದಾರಿ. ಬೋರ್ಡ್ ಇರುವುದಿಲ್ಲ, ವೆಬ್‌ಸೈಟ್ ಇರುವುದಿಲ್ಲ. ದೋಣಿ ಕಟ್ಟುವ ದಕ್ಕೆಯ ಹತ್ತಿರದ ಚಹಾ ಅಂಗಡಿಯಲ್ಲಿ ವಿಚಾರಿಸಿದರೆ ಯಾರದೋ ನಂಬರ್ ಸಿಗುತ್ತದೆ. ಸಾಮಾನು ಅಂದರೆ ಹಲಗೆಗೆ ಸುತ್ತಿದ ನೈಲಾನ್ ದಾರ, ಒಂದು ಸೀಸದ ಗುಂಡು, ಗಾಳ, ಬಕೆಟ್ಟಿನಲ್ಲಿ ಜೀವಂತ ಸಿಗಡಿ. ಕಾರವಾರದ ಕಡೆ ಗಾಳಕ್ಕೆ ಗರಿ ಅನ್ನುತ್ತಾರೆ.

ಸಿಗಡಿ ಚುಚ್ಚುವುದನ್ನು ಹತ್ತಿರದಿಂದ ನೋಡಬೇಕು. ಅದರ ತಲೆಯ ಮೇಲೆ ಗರಗಸದಂಥ ಮುಳ್ಳು ಇರುತ್ತದಲ್ಲ, ಅದರ ಬುಡದಲ್ಲಿ, ಚಿಪ್ಪಿನೊಳಗೆ ಕಪ್ಪಗೆ ಒಂದು ಚುಕ್ಕೆ ಕಾಣುತ್ತದೆ. ಗಾಳ ಆ ಚುಕ್ಕೆಗೆ ತಾಗದ ಹಾಗೆ, ಮುಳ್ಳಿನ ಕೆಳಗೆ ಅಡ್ಡವಾಗಿ ಹೋಗಬೇಕು. ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ತಾಗದಿದ್ದರೆ ಬಹಳ ಹೊತ್ತು ಕಾಲು ಆಡಿಸುತ್ತಾ ನೀರೊಳಗೆ ಮೀನನ್ನು ಕರೆಯುತ್ತದೆ. ನಾನು ಕಲಿಯುವಾಗ ಅರ್ಧ ಬಕೆಟ್ ಸಿಗಡಿ ಕೊಂದಿದ್ದೇನೆ. ದೋಣಿಯ ಅಣ್ಣ ಕೊನೆಗೆ ಬಕೆಟ್ಟನ್ನೇ ತನ್ನ ಕಾಲ ಹತ್ತಿರ ಎಳೆದುಕೊಂಡಿದ್ದ.

ದಾರ ತೋರುಬೆರಳಿನ ಮೇಲೆ ಇರಬೇಕು. ಕಾಣೆ ಬಂದರೆ ಟಕ್ ಟಕ್ ಎಂದು ಎರಡು ಸಲ ತಟ್ಟುತ್ತದೆ. ಇರ್ಪೆ ಚಿವುಟಿ ಚಿವುಟಿ ಸಿಗಡಿ ಖಾಲಿ ಮಾಡುತ್ತದೆ. ಏಡಿ ಹಿಡಿದರೆ ಒದ್ದೆ ಬಟ್ಟೆ ಎಳೆದ ಹಾಗೆ ಭಾರ, ಜೀವ ಇಲ್ಲ. ರಾಡ್ ಹಿಡಿದವರಿಗೆ ಈ ಸುಖ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

ಇದರ ಲಾಭ: ಖರ್ಚು ಕಡಿಮೆ, ಮೀನು ನಿಮ್ಮದೇ, ಹೊಳೆಯ ಹೊಂಡ, ದಿಬ್ಬ ಎಲ್ಲ ದೋಣಿಯವರಿಗೆ ಬಾಯಿಪಾಠ. ತೊಂದರೆಗಳೂ ಇವೆ. ಲೈಫ್ ಜಾಕೆಟ್ ಇರುವುದು ಅಪರೂಪ. ನೆರಳಿಲ್ಲ. ಅವರ ಬಲೆಯ ಕೆಲಸ ಮೊದಲು, ನೀವು ಆಮೇಲೆ. ಬೆಳಿಗ್ಗೆ ಆರಕ್ಕೆ ಎಂದು ಒಪ್ಪಿಕೊಂಡವರು ಹಿಂದಿನ ರಾತ್ರಿ ಬಲೆಗೆ ಒಳ್ಳೆಯ ಮೀನು ಬಿದ್ದರೆ ಬರದೇ ಇರಬಹುದು. ಅದನ್ನು ತಪ್ಪು ಎಂದೂ ಹೇಳಲಾಗದು.

ಗೈಡ್ ದೋಣಿಯ ಲೆಕ್ಕವೇ ಬೇರೆ. ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್, ಮುಂದೆ ನಿಂತು ಎಸೆಯಲು ಸಮತಟ್ಟಾದ ಜಾಗ. ರಾಡ್, ರೀಲ್, ಬ್ರೇಡ್ ದಾರ, ಪ್ಲಾಸ್ಟಿಕ್ ಅಥವಾ ರಬ್ಬರಿನ ನಕಲಿ ಮೀನು. ಇವರು ಬೆನ್ನು ಹತ್ತುವುದು ಮುಖ್ಯವಾಗಿ ಎರಡು ಮೀನನ್ನು: ಕೆಂಬೇರಿ (ರೆಡ್ ಸ್ನ್ಯಾಪರ್ ಜಾತಿಯದು) ಮತ್ತು ಸೀಬಾಸ್. ಸೀಬಾಸ್ ಅಂದರೆ ಆಸ್ಟ್ರೇಲಿಯಾದವರ ಬಾರಮುಂಡಿ, ಕೊಂಕಣಿಯವರ ಚೋಣಕ್. ಅಳಿವೆ ಹತ್ತಿರ ಕೊಕ್ಕರ್ ಎಂಬ ಮೀನು ಕೂಡ ಸಿಗುತ್ತದೆ.

ಕೆಂಬೇರಿ ಹೊಂಚು ಹಾಕುವ ಮೀನು. ಕಾಂಡ್ಲಾ ಬೇರಿನ ಒಳಗೆ, ಸೇತುವೆ ಕಂಬದ ಪಕ್ಕ, ಕಲ್ಲಿನ ಸಂದಿಯಲ್ಲಿ ನಿಂತಿರುತ್ತದೆ. ನಕಲಿ ಮೀನು ಬೇರಿನಿಂದ ಒಂದಡಿ ದೂರದಲ್ಲಿ ಬೀಳಬೇಕು. ಮೂರಡಿ ದೂರ ಬಿದ್ದರೆ ಅದು ತಿರುಗಿಯೂ ನೋಡುವುದಿಲ್ಲ. ಸರಿಯಾಗಿ ಬಿದ್ದರೆ ಒಂದು ಹೊಡೆತ, ಕೈಯಿಂದ ರಾಡ್ ಕಿತ್ತುಕೊಂಡ ಹಾಗೆ, ಆಮೇಲೆ ಸೀದಾ ಬೇರಿನೊಳಕ್ಕೆ ಓಟ. ಅದನ್ನು ತಡೆಯಲು ನಿಮಗೆ ಸಿಗುವುದು ಎರಡೇ ಸೆಕೆಂಡು. ನನ್ನ ಮೊದಲ ಮೂರು ಕೆಂಬೇರಿಗಳು ದಾರ ಕಡಿದುಕೊಂಡು ಹೋದವು. ನಾಲ್ಕನೆಯದು ಅಂಗೈ ಉದ್ದದ್ದು. ಅದರ ಜೊತೆಗೂ ಫೋಟೋ ತೆಗೆಸಿಕೊಂಡಿದ್ದೇನೆ, ಮರ್ಯಾದೆ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಮಗೆ ಗುರಿಯಿಟ್ಟು ಎಸೆಯಲು ಬರದಿದ್ದರೆ ಗೈಡ್ ಟ್ರಿಪ್‌ನ ಅರ್ಧ ದಿನ ಕೊಂಬೆಯಿಂದ ನಕಲಿ ಮೀನು ಬಿಡಿಸುವುದರಲ್ಲೇ ಹೋಗುತ್ತದೆ. ಮನೆ ಹತ್ತಿರದ ಮೈದಾನದಲ್ಲಿ ಒಂದು ಬಕೆಟ್ ಇಟ್ಟು ಎರಡು ವಾರ ಎಸೆದು ಅಭ್ಯಾಸ ಮಾಡಿ. ನೋಡಿದವರು ನಗುತ್ತಾರೆ, ನಗಲಿ. ಇಲ್ಲದಿದ್ದರೆ ಗೈಡ್ ಬಳಿ ಮೊದಲೇ ಹೇಳಿ, ಜೀವಂತ ಸಿಗಡಿ ಹಾಕಿಸುತ್ತಾರಾ ಕೇಳಿ. ಒಳ್ಳೆಯವರು ಒಪ್ಪುತ್ತಾರೆ. ನಕಲಿ ಮೀನಿನಲ್ಲೇ ಹಿಡಿಯಬೇಕು ಎಂದು ಹಠ ಹಿಡಿಯುವವರು ಪಳಗಿದವರಿಗೆ ಸರಿ, ನಿಮಗಲ್ಲ.

ಹೆಚ್ಚಿನ ಗೈಡ್‌ಗಳು ಹಿಡಿದ ಮೀನನ್ನು ಬಿಟ್ಟುಬಿಡುತ್ತಾರೆ, ಅದರಲ್ಲೂ ದೊಡ್ಡದನ್ನು. ನಮ್ಮ ಕಡೆಯವರಿಗೆ ಇದು ಹುಚ್ಚು ಅನ್ನಿಸುತ್ತದೆ. ಆದರೆ ಚೋಣಕ್ ವಿಷಯದಲ್ಲಿ ಕಾರಣ ಗಟ್ಟಿಯಾಗಿದೆ. ಈ ಮೀನು ಬಲಿತಾಗ ಮೊದಲು ಗಂಡು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಅಂದರೆ ತುಂಬಾ ದೊಡ್ಡ ಚೋಣಕ್ ಹೆಚ್ಚುಕಡಿಮೆ ಎಲ್ಲವೂ ಮೊಟ್ಟೆಯಿಡುವ ತಾಯಿಯೇ. ಅದನ್ನು ಸಾರು ಮಾಡಿದರೆ ಲಕ್ಷಗಟ್ಟಲೆ ಮೊಟ್ಟೆ ಹೋಯಿತು. ಮಧ್ಯಮ ಗಾತ್ರದ್ದು ಒಂದನ್ನು ಮನೆಗೆ ತನ್ನಿ, ರುಚಿಯೂ ಅದರಲ್ಲೇ ಜಾಸ್ತಿ.

ಉಳಿದ ಎರಡು ಬಗೆ

ಹೋಮ್‌ಸ್ಟೇಯವರು ಕೊಡುವ "ಬೋಟಿಂಗ್ ಮತ್ತು ಫಿಶಿಂಗ್" ಪ್ಯಾಕೇಜಿನಲ್ಲಿ ಮೀನಿನ ಆಸೆ ಇಟ್ಟುಕೊಳ್ಳಬೇಡಿ. ಮಕ್ಕಳಿದ್ದರೆ ಮಾತ್ರ ಇದೇ ಸರಿ. ದೋಣಿ ಅಗಲ ಇರುತ್ತದೆ, ಮೇಲೆ ನೆರಳು ಇರುತ್ತದೆ, ಬೇಸರ ಬಂದರೆ ಒಂದು ಗಂಟೆಯಲ್ಲಿ ವಾಪಸ್ ಬರಬಹುದು. ಎಂಟು ವರ್ಷದ ಮಗುವಿಗೆ ಬೆರಳುದ್ದದ ಮೀನು ಸಿಕ್ಕರೂ ಹಬ್ಬ.

ಕಯಾಕ್ ನನಗೆ ಇಷ್ಟ. ಸದ್ದಿಲ್ಲ, ಮೊಣಕಾಲು ಆಳದ ನೀರಿಗೂ ಹೋಗುತ್ತದೆ. ಆದರೆ ನೀರಿನ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕುತ್ತಾ ಮೀನು ಹಿಡಿಯುವುದು ಮೊದಲ ಸಲದವರ ಕೆಲಸ ಅಲ್ಲ. ಈಜು ಬರದವರು ಇದನ್ನು ಮರೆತುಬಿಡಿ.

ಹೊಳೆ ಹೊಳೆಗೂ ಬೇರೆ ಗುಣ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜಾಹೀರಾತುಗಳಲ್ಲಿ ಎಲ್ಲ ಹಿನ್ನೀರೂ ಒಂದೇ ಥರ ಕಾಣುತ್ತದೆ. ಒಂದೇ ಅಲ್ಲ.

ಹೊನ್ನಾವರ ಮತ್ತು ಕುಮಟಾ ನೋಡಿ. ಅಕ್ಕಪಕ್ಕದ ತಾಲ್ಲೂಕು. ಹೊನ್ನಾವರದಲ್ಲಿ ಶರಾವತಿ, ಕುಮಟಾದಲ್ಲಿ ಅಘನಾಶಿನಿ. ಶರಾವತಿಗೆ ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪ. ಕರೆಂಟು ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬರುತ್ತಲೇ ಇರುತ್ತದೆ. ಹಾಗಾಗಿ ಅಳಿವೆಯಿಂದ ಸ್ವಲ್ಪ ಮೇಲೆ ಹೋದರೆ ಸಾಕು, ನೀರಿನಲ್ಲಿ ಉಪ್ಪು ಕಡಿಮೆ. ಅಘನಾಶಿನಿಗೆ ಒಂದೂ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಅದರ ಪಾಡಿಗೆ ಅದು. ಬಳಚು (ಚಿಪ್ಪುಮೀನು), ಏಡಿ, ಸಿಗಡಿ ಎಲ್ಲ ಅಲ್ಲಿ ಹೇರಳ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ, ಹೊಳೆಯಂಚಿನ ಗಜನಿ ಗದ್ದೆಗಳೂ ಈ ಉಪ್ಪುನೀರಿನ ದಯೆಯಿಂದಲೇ ಇವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಾಗಕ್ಕೆ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ, ಸಿಕ್ಕಿತು.

ಮೀನು ಹಿಡಿಯುವವರಿಗೆ ಇದರ ಅರ್ಥ ಏನು? ತಿನ್ನುವ ಮೀನು, ಏಡಿ, ವೈವಿಧ್ಯ ಬೇಕಾದರೆ ಅಘನಾಶಿನಿ. ತದಡಿ ಕಡೆಯಿಂದ ಹೊರಟು ಐಗಳಕುರ್ವೆ ಸುತ್ತಮುತ್ತ, ಮಿರ್ಜಾನ್‌ವರೆಗೆ ತಿರುಗಬಹುದು. ಇಳಿತದಲ್ಲಿ ನೀರು ತೀರಾ ಕಡಿಮೆಯಾಗಿ ಕೆಸರು ಮೇಲೇಳುವ ಜಾಗಗಳು ಬಹಳ. ಹೊನ್ನಾವರದಲ್ಲಿ ಆಳ ಇದೆ, ಸೌಕರ್ಯ ಇದೆ, ಕಾಂಡ್ಲಾ ಕಾಡಿನ ಮರದ ಸೇತುವೆ ಇದೆ, ಮನೆಯವರಿಗೆಲ್ಲ ಖುಷಿ. ಆದರೆ ರಜಾದಿನ ಪ್ರವಾಸಿ ದೋಣಿಗಳ ಸಾಲು, ಎಂಜಿನ್ ಸದ್ದು. ಹೋಗುವುದಾದರೆ ವಾರದ ನಡುವೆ, ಬೆಳಕು ಹರಿಯುವ ಮೊದಲೇ, ಅಳಿವೆ ಕಡೆಗೆ ಹೋಗಿ.

ಕುಂದಾಪುರದ ಪಂಚಗಂಗಾವಳಿ ನನ್ನ ಊರಿನದು, ಆದ್ದರಿಂದ ನನ್ನ ಮಾತಿನಲ್ಲಿ ಒಂದು ಚಿಟಿಕೆ ಪಕ್ಷಪಾತ ಇರುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತವೆ. ಕುದ್ರುಗಳು (ಹೊಳೆ ನಡುವಿನ ದ್ವೀಪಗಳು), ಅವುಗಳ ಅಂಚಿನ ಕಾಂಡ್ಲಾ, ಹೆದ್ದಾರಿ ಸೇತುವೆಯ ಕಂಬಗಳು, ಹೀಗೆ ಮೀನು ನಿಲ್ಲುವ ಜಾಗ ಒಂದೇ ಬೆಳಿಗ್ಗೆಯಲ್ಲಿ ಎಂಟು ಹತ್ತು ನೋಡಬಹುದು. ಗಾಳಿ ಎದ್ದರೂ ಯಾವುದಾದರೂ ಕುದ್ರುವಿನ ಮರೆ ಸಿಗುತ್ತದೆ. ಅಳಿವೆ ಬಾಯಿಗೆ ಮಾತ್ರ ಸಣ್ಣ ದೋಣಿಯಲ್ಲಿ ಹೋಗಬೇಡಿ. ಅಲ್ಲಿ ಮೀನುಗಾರಿಕಾ ಬೋಟುಗಳ ಓಡಾಟ, ಜೊತೆಗೆ ಹೊಳೆಯೂ ಅಲೆಯೂ ಎದುರಾಬದುರಾ ಬಡಿದುಕೊಳ್ಳುತ್ತವೆ.

ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಸೇರುತ್ತವೆ. ಮರಳು ತಳ, ಕಡಿಮೆ ಆಳ. ಕಾಣೆಗೆ ಹೇಳಿ ಮಾಡಿಸಿದ ಜಾಗ, ಅದು ಮರಳಿನಲ್ಲೇ ಹುದುಗಿಕೊಳ್ಳುವ ಮೀನು. ಕಯಾಕ್‌ಗೂ ಅನುಕೂಲ. ಮೊದಲ ಸಲದವರನ್ನು ನಾನು ಇಲ್ಲಿಗೇ ಕಳಿಸುವುದು ಜಾಸ್ತಿ.

ಕಾರವಾರದ ಕಾಳಿ ದೊಡ್ಡ ಹೊಳೆ, ದೊಡ್ಡ ಮೀನಿನ ಆಸೆಯವರಿಗೆ. ಇದಕ್ಕೂ ಮೇಲೆ ಕದ್ರಾ ಅಣೆಕಟ್ಟು ಇದೆ, ನೀರು ಬಿಟ್ಟ ದಿನ ಸೆಳೆತ ನೋಡಿಕೊಳ್ಳಬೇಕು. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದದ್ದು ಇದೇ ಹೊಳೆಗೆ. ಮಂಗಳೂರು ಕಡೆಯವರಿಗೆ ಮೂಲ್ಕಿಯ ಶಾಂಭವಿ ಹತ್ತಿರ, ಚಿಕ್ಕದು, ಅರ್ಧ ದಿನಕ್ಕೆ ಸಾಕು.

ಗೋವಾ, ಕೇರಳ? ಗೋವಾದಲ್ಲಿ ಗೈಡ್ ವ್ಯವಸ್ಥೆ ಪಳಗಿದೆ, ಚೋಣಕ್ ಹುಚ್ಚೂ ಹೆಚ್ಚು. ಕೇರಳದ ಆಲಪ್ಪುಳದ ಹೌಸ್‌ಬೋಟ್‌ನಲ್ಲಿ ಉಪ್ಪುನೀರಿನ ಮೀನು ಹಿಡಿಯುತ್ತೇವೆ ಎಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಅಲ್ಲಿನ ವೆಂಬನಾಡು ಸರೋವರಕ್ಕೆ ತಣ್ಣೀರ್‌ಮುಕ್ಕಂನಲ್ಲಿ ಅಡ್ಡಗಟ್ಟೆ ಇದೆ. ಬೇಸಾಯಕ್ಕೆಂದು ಬೇಸಿಗೆಯಲ್ಲಿ ಅದನ್ನು ಮುಚ್ಚಿದಾಗ ದಕ್ಷಿಣದ ಭಾಗಕ್ಕೆ ಕಡಲಿನ ಉಪ್ಪು ಬರುವುದಿಲ್ಲ. ಅಲ್ಲಿ ಹೋಗಿ ಕರಿಮೀನ್ ಊಟ ಮಾಡಿ ಬನ್ನಿ, ನಷ್ಟ ಇಲ್ಲ.

ತಿಥಿ ನೋಡದ ಗೈಡ್ ಬೇಡ

ಮೀನಿನ ಟ್ರಿಪ್ ಕೆಡುವುದು ಹೆಚ್ಚಾಗಿ ಇಲ್ಲೇ. ಒಮ್ಮೆ ನಾನೂ ಮೋಸ ಹೋಗಿದ್ದೇನೆ. ಆನ್‌ಲೈನ್‌ನಲ್ಲಿ ಫೋಟೋ ಚೆನ್ನಾಗಿತ್ತು, ಯಾವ ದಿನ ಕೇಳಿದರೂ "ಬನ್ನಿ ಸರ್" ಎಂದರು. ದುಡ್ಡು ಕಟ್ಟಿ ನಾಲ್ಕು ಜನ ಹೋದೆವು. ಹೊರಟು ಒಂದು ಗಂಟೆಗೆ ನೀರು ಇಳಿದು ದೋಣಿ ಮರಳ ದಿಬ್ಬದ ಮೇಲೆ ಕೂತಿತು. ಎರಡೂವರೆ ಗಂಟೆ ಬಿಸಿಲಲ್ಲಿ ಕೊಕ್ಕರೆಗಳು ನಮ್ಮನ್ನು ನೋಡುತ್ತಾ, ನಾವು ಕೊಕ್ಕರೆಗಳನ್ನು ನೋಡುತ್ತಾ ಕೂತೆವು. ಆಮೇಲೆ ಗೊತ್ತಾಯಿತು, ಫೋಟೋದ ಮೀನು ಈ ಹೊಳೆಯದ್ದೇ ಅಲ್ಲ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಅಳಿವೆಯಲ್ಲಿ ಭರತ ಮಧ್ಯಾಹ್ನದ ಹೊತ್ತಿಗೆ, ಅಂದಾಜು 11-12ರ ನಡುವೆ. ಹಾಗಾಗಿ ಆ ದಿನ ಸೂರ್ಯ ಹುಟ್ಟುವಾಗ ನೀರು ತಳದಲ್ಲಿರುತ್ತದೆ, ಬೆಳಿಗ್ಗೆ ಪೂರ್ತಿ ಏರುತ್ತದೆ. ಅಷ್ಟಮಿ ಹತ್ತಿರ ಇದು ಉಲ್ಟಾ. ಬೆಳಿಗ್ಗೆ ಭರತ, ಆಮೇಲೆ ಇಳಿತ. ಹೊಳೆಯಲ್ಲಿ ಮೇಲೆ ಮೇಲೆ ಹೋದಂತೆ ಈ ಹೊತ್ತೂ ತಡವಾಗುತ್ತದೆ.

ನೀರು ಇಳಿಯುವಾಗ ಕಾಂಡ್ಲಾ ಒಳಗಿದ್ದ ಸಿಗಡಿ, ಮರಿಮೀನು ಎಲ್ಲ ಸಣ್ಣ ಕಾಲುವೆಗಳ ಬಾಯಿಗೆ ಬರಲೇಬೇಕು. ಕೆಂಬೇರಿ, ಚೋಣಕ್ ಅಲ್ಲಿ ಕಾಯುತ್ತಿರುತ್ತವೆ. ಆದ್ದರಿಂದ ಗುದ್ದಾಟ ಬೇಕಾದವರಿಗೆ ಬೆಳಿಗ್ಗೆ ಇಳಿತ ಸಿಗುವ ಅಷ್ಟಮಿಯ ಆಸುಪಾಸು ನನ್ನ ಆಯ್ಕೆ. ಆಗ ಸೆಳೆತ ಅಮಾವಾಸ್ಯೆಯಷ್ಟು ಜೋರಿರುವುದಿಲ್ಲ, ಎಸೆಯಲೂ ಸುಲಭ. ಕಾಣೆಯಂಥ ಮರಳಿನ ಮೀನಿಗೆ ಏರುವ ನೀರೂ ಆಗುತ್ತದೆ. ಯಾವಾಗಲೂ ಕೆಟ್ಟದ್ದು ಒಂದೇ, ನೀರು ಅಲ್ಲಾಡದೆ ನಿಂತ ಹೊತ್ತು. ನನ್ನ ದೋಣಿಯ ಅಣ್ಣ ಆಗ ಬೀಡಿ ಹಚ್ಚಿ ಹೇಳುವುದು ಇಷ್ಟೇ: "ನೀರ್ ತಿರ್ಗ್ಲಿ, ಸುಮ್ನೆ ಕೂಕಣಿ."

ಉತ್ತರಕ್ಕೆ ಹೋದ ಹಾಗೆ ಏರಿಳಿತ ಹೆಚ್ಚುತ್ತದೆ. ಕೊಚ್ಚಿಯಲ್ಲಿ ಒಂದು ಮೀಟರ್ ಹತ್ತಿರ, ಮಂಗಳೂರಿನಲ್ಲಿ ಒಂದೂವರೆ, ಕಾರವಾರದಲ್ಲಿ ಎರಡರ ಹತ್ತಿರ. ಅಂದರೆ ಕಾರವಾರ, ಕುಮಟಾದಲ್ಲಿ ತಿಥಿ ತಪ್ಪಿದರೆ ಪೆಟ್ಟು ಇನ್ನೂ ಜೋರು.

ತಿಂಗಳ ಲೆಕ್ಕ ಸರಳ. ಜೂನ್‌ನಿಂದ ಸೆಪ್ಟೆಂಬರ್ ಕೆಂಪು ನೀರು, ತೇಲಿಬರುವ ಮರ, ಬೇಡವೇ ಬೇಡ. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೂ ಮೀನುಗಾರಿಕೆ ನಿಷೇಧ. ಅಕ್ಟೋಬರ್ ಕೊನೆಗೆ ನೀರು ತಿಳಿಯಾಗಿ ಉಪ್ಪು ಒಳಗೆ ಬರತೊಡಗುತ್ತದೆ. ಆಗಿಂದ ಮೇವರೆಗೆ ಹೋಗಬಹುದು. ನನಗೆ ನವೆಂಬರ್ ಮತ್ತು ಮಾರ್ಚ್ ಇಷ್ಟ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ರಾಡ್ ಮಡಚಿ ದಡಕ್ಕೆ ಬನ್ನಿ. ಕಾರ್ಬನ್ ರಾಡ್ ಎತ್ತಿ ಹಿಡಿದು ಬಯಲು ನೀರಿನಲ್ಲಿ ನಿಲ್ಲುವುದು ಸಿಡಿಲನ್ನು ಕರೆದ ಹಾಗೆ.

ಫೋನ್‌ನಲ್ಲಿ ಕೇಳುವುದು ಏನು

ದರ ನಾನಿಲ್ಲಿ ಬರೆಯುವುದಿಲ್ಲ, ಮುಂದಿನ ಸೀಸನ್ನಿಗೆ ಸುಳ್ಳಾಗುತ್ತದೆ. ಬದಲಿಗೆ ದರ ತಲೆಗಾ, ದೋಣಿಗಾ ಕೇಳಿ. ಎರಡೇ ಜನ ಇದ್ದಾಗ ವ್ಯತ್ಯಾಸ ದೊಡ್ಡದು. ಪೆಟ್ರೋಲ್, ಸಿಗಡಿ, ಕಳೆದುಹೋದ ನಕಲಿ ಮೀನಿನ ಲೆಕ್ಕ ಯಾರದು ಎಂದೂ ಕೇಳಿ. ಕೊನೆಯದಕ್ಕೇ ದಡದಲ್ಲಿ ಜಗಳ ಆಗುವುದು.

ಒಂದು ದೋಣಿಯಲ್ಲಿ ಎಷ್ಟು ಜನ ಎಸೆಯುತ್ತಾರೆ? ನಕಲಿ ಮೀನಿಗೆ ಇಬ್ಬರು ಸರಿ, ಮೂವರಾದರೆ ಕಿವಿ ಜೋಪಾನ. ಲೈಫ್ ಜಾಕೆಟ್ ಇದೆಯಾ ಎಂದಲ್ಲ, ಎಷ್ಟಿದೆ ಎಂದು ಕೇಳಿ. ಮೀನು ಇಟ್ಟುಕೊಳ್ಳಬಹುದಾ, ಎಷ್ಟು?

ಆಮೇಲೆ ನಿಮ್ಮ ದಿನಾಂಕ ಹೇಳಿ ಸುಮ್ಮನಿರಿ. "ಅವತ್ತು ನೀರು ಸರಿ ಇಲ್ಲ, ಮೂರು ದಿನ ಬಿಟ್ಟು ಬನ್ನಿ" ಎನ್ನುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಇನ್ನೊಂದು. ಹೊಳೆಯಲ್ಲಿ ಊರಿನವರ ಬಲೆ, ಗೂಟ ಇರುತ್ತವೆ. ಅದು ಅವರ ಅನ್ನ. ದಾಟುವಾಗ ಎಂಜಿನ್ ಎತ್ತಿ, ಬಲೆಯವರನ್ನು ಮಾತಾಡಿಸಿ ಹೋಗುವ ಗೈಡ್‌ಗೆ ಯಾವ ಕಾಲುವೆಯೂ ತೆರೆದೇ ಇರುತ್ತದೆ. ಹೊರಗಿನಿಂದ ಬಂದು ಗುರ್ ಎಂದು ನುಗ್ಗುವವರ ಜೊತೆ ಹೋದರೆ ಬೈಗುಳದಲ್ಲಿ ನಿಮಗೂ ಪಾಲು.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ, ಚಪ್ಪಲಿ ಕೆಸರಿನಲ್ಲಿ ನಿಲ್ಲುವುದಿಲ್ಲ, ಕಲ್ಲಿಗಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಮರಳಿನಲ್ಲಿ ಇಳಿದು ನಡೆಯುವಾಗ ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮಲಗಿದ್ದರೆ ಎದ್ದು ಹೋಗುತ್ತದೆ. ಮೀಸೆ ಮೀನು ಸಿಕ್ಕರೆ ಕೈ ಹಾಕದೆ ದೋಣಿಯವರಿಗೆ ಕೊಡಿ, ಅದರ ಮುಳ್ಳು ಚುಚ್ಚಿದರೆ ಆ ದಿನ ಮುಗಿಯಿತು. ಚೋಣಕ್ ಕಿವಿರಿನ ಮುಚ್ಚಳವೂ ಹರಿತ, ಫೋಟೋ ಗಡಿಬಿಡಿಯಲ್ಲಿ ಬೆರಳು ಕೊಯ್ದುಕೊಂಡವರನ್ನು ಕಂಡಿದ್ದೇನೆ.

ಬೆಂಗಳೂರಿನಿಂದ ಬರುವವರು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ. ನಮ್ಮ ಹೊಳೆಯ ಹೆಸರೇ ರೈಲಿಗೆ. ಬೆಳಗಿನ ಜಾವ ಉಡುಪಿ, ಬಾರ್ಕೂರು, ಕುಂದಾಪುರ ಎಲ್ಲ ದಾಟುತ್ತದೆ, ಕಾರವಾರಕ್ಕೆ ಹೋಗಿ ನಿಲ್ಲುತ್ತದೆ. ಕುಂದಾಪುರದಲ್ಲಿ ಇಳಿಯುವವರು ಹಿಂದಿನ ದಿನವೇ ದೋಣಿಯವರಿಗೆ ಫೋನ್ ಮಾಡಿ ಐಸ್ ತರಲು ಹೇಳಿಬಿಡಿ. ಅಷ್ಟು ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ, ಬಿಸಿಲು ಏರಿದ ಮೇಲೆ ಕಾಣೆ ತಡೆಯುವುದಿಲ್ಲ.